ಆಸ್ಪತ್ರೆಯ ಗಂಧಗಾಳಿ ಗೊತ್ತಿಲ್ಲದವರು ನರ್ಸ್ ಆಗುವುದು ಹೇಗೆ?

"ಪಿಯುಸಿ ಮುಗಿದಿದೆ. ನಮ್ಮ ಮನೆಯಲ್ಲಿ ಡಾಕ್ಟರೂ ಇಲ್ಲ, ನರ್ಸೂ ಇಲ್ಲ. ಆಸ್ಪತ್ರೆಯಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ. ನರ್ಸಿಂಗ್ ಸೇರಬಹುದಾ?" ಫಲಿತಾಂಶದ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಆರ್ಟ್ಸ್ ಓದಿದವರು ಕೇಳುತ್ತಾರೆ, ಡಿಗ್ರಿ ಮುಗಿಸಿ ಅಂಗಡಿಯಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿಯುತ್ತಿರುವವರು ಕೇಳುತ್ತಾರೆ, ಮದುವೆಯಾಗಿ ಮಗು ಸ್ವಲ್ಪ ದೊಡ್ಡದಾದ ಮೇಲೆ ಏನಾದರೂ ಕಲಿಯಬೇಕು ಅನ್ನುವವರೂ ಕೇಳುತ್ತಾರೆ.

ಸೇರಬಹುದು. ಅನುಭವ ಯಾರೂ ಕೇಳುವುದಿಲ್ಲ. ಏನೂ ಗೊತ್ತಿಲ್ಲದವರಿಗೆ ಕಲಿಸಲಿಕ್ಕೇ ಈ ಕೋರ್ಸ್ ಇರುವುದು. ಜನ ಎಡವುವ ಜಾಗ ಬೇರೆ. ಆರು ತಿಂಗಳಿಗೆ ನರ್ಸ್ ಮಾಡುತ್ತೇವೆ ಅನ್ನುವ ಬೋರ್ಡ್ ನೋಡಿ ದುಡ್ಡು ಕಟ್ಟಿಬಿಡುತ್ತಾರೆ. ಆಮೇಲೆ ಆ ಸರ್ಟಿಫಿಕೇಟ್ ಹಿಡಿದುಕೊಂಡು ಹೋದರೆ ಯಾವ ದೊಡ್ಡ ಆಸ್ಪತ್ರೆಯೂ ಸ್ಟಾಫ್ ನರ್ಸ್ ಅಂತ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಈ ಲೇಖನವನ್ನು ಕೊನೆಯ ಹಂತದಿಂದಲೇ ಶುರು ಮಾಡುತ್ತೇನೆ.

ಹಂತ 1: ಮೊದಲು ರಿಜಿಸ್ಟ್ರೇಷನ್ ಅಂದರೆ ಏನು ತಿಳಿದುಕೊಳ್ಳಿ

ವಕೀಲರಿಗೆ ಬಾರ್ ಕೌನ್ಸಿಲ್ ಇದ್ದ ಹಾಗೆ ನರ್ಸ್‌ಗಳಿಗೆ ನರ್ಸಿಂಗ್ ಕೌನ್ಸಿಲ್ ಇದೆ. ನಮ್ಮಲ್ಲಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು, ಎಲ್ಲರೂ ಕೆಎಸ್‌ಎನ್‌ಸಿ ಅಂತಾರೆ. ಕೋರ್ಸ್ ಮುಗಿದ ಮೇಲೆ ಇಲ್ಲಿ ನಿಮ್ಮ ಹೆಸರು ದಾಖಲಾಗಿ ನಂಬರ್ ಸಿಗಬೇಕು. ಜಿಎನ್‌ಎಂ ಅಥವಾ ಬಿಎಸ್‌ಸಿ (ಇವೇನು ಅಂತ ಹಂತ 2ರಲ್ಲಿ ಹೇಳಿದ್ದೇನೆ) ಮಾಡಿದವರಿಗೆ ಆರ್‌ಎನ್, ಆರ್‌ಎಂ ಅಂತ ಎರಡೂ ಬರುತ್ತದೆ. ಅಂದರೆ ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಸೂಲಗಿತ್ತಿ. ಗಂಡುಮಕ್ಕಳಿಗೂ ಈ ಕೋರ್ಸ್‌ಗಳು ಮುಕ್ತ.

ದೇಶದ ಮಟ್ಟದಲ್ಲಿ ಕೋರ್ಸ್‌ನ ಪಠ್ಯ, ನಿಯಮ ಎಲ್ಲ ಮಾಡುತ್ತಾ ಬಂದಿರುವುದು ಭಾರತೀಯ ನರ್ಸಿಂಗ್ ಕೌನ್ಸಿಲ್, ಐಎನ್‌ಸಿ. 1947ರ ಕಾಯ್ದೆಯಿಂದ ಹುಟ್ಟಿದ್ದು. ಅದರ ಜಾಗಕ್ಕೆ ರಾಷ್ಟ್ರೀಯ ಆಯೋಗ ತರಲು 2023ರಲ್ಲಿ ಹೊಸ ಕಾಯ್ದೆ ಆಗಿದೆ. ಹೊಸ ಸುದ್ದಿ ಓದುವಾಗ ಗೊಂದಲ ಆಗದಿರಲಿ ಅಂತ ಹೇಳಿದೆ.

ಯಾವುದೇ ಕೋರ್ಸ್ ಬಗ್ಗೆ ಯಾರೇ ಹೇಳಲಿ, ಕೇಳಬೇಕಾದ ಪ್ರಶ್ನೆ ಒಂದೇ. "ಇದು ಮುಗಿದ ಮೇಲೆ ಕೆಎಸ್‌ಎನ್‌ಸಿಯಲ್ಲಿ ನರ್ಸ್ ಅಂತ ರಿಜಿಸ್ಟರ್ ಆಗುತ್ತಾ?" ನೇರ ಉತ್ತರ ಬರದಿದ್ದರೆ ಎದ್ದು ಬನ್ನಿ.

ಎಚ್ಚರಿಕೆ: ಹೋಮ್ ನರ್ಸಿಂಗ್, ನರ್ಸಿಂಗ್ ಅಸಿಸ್ಟೆಂಟ್, ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತ ಮೂರು ತಿಂಗಳು, ಆರು ತಿಂಗಳು, ಒಂದು ವರ್ಷದ ಕೋರ್ಸ್‌ಗಳಿವೆ. ಇವು ಕೆಟ್ಟವೇನಲ್ಲ. ರೋಗಿಗೆ ಸ್ನಾನ, ಊಟ, ಓಡಾಟಕ್ಕೆ ನೆರವಾಗುವ ಕೆಲಸ ಸಿಗುತ್ತದೆ, ಮನೆ ಖರ್ಚಿಗೆ ತಕ್ಷಣ ಸಂಬಳ ಬೇಕು ಅನ್ನುವವರಿಗೆ ಅದೂ ಒಂದು ದಾರಿ. ಆದರೆ ಅದರಿಂದ ನೀವು ನರ್ಸ್ ಆಗುವುದಿಲ್ಲ. ಆ ಕೋರ್ಸ್ ಮಾಡಿದವರ ಕೈಲಿ ಕೆಲವು ಸಣ್ಣ ಕ್ಲಿನಿಕ್‌ಗಳು ಇಂಜೆಕ್ಷನ್ ಕೊಡಿಸುತ್ತವೆ. ಏನಾದರೂ ಹೆಚ್ಚುಕಮ್ಮಿಯಾದರೆ ಸಿಕ್ಕಿಹಾಕಿಕೊಳ್ಳುವುದು ಆ ಹುಡುಗಿಯೇ.

ಹಂತ 2: ನಿಮ್ಮ ಪಿಯುಸಿಗೆ ಯಾವ ಕೋರ್ಸ್ ಹೊಂದುತ್ತದೆ?

ಮೂರು ಬಾಗಿಲುಗಳಿವೆ.

ಬಿಎಸ್‌ಸಿ ನರ್ಸಿಂಗ್: ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು, ಇಂಗ್ಲಿಷ್ ಪಾಸಾಗಿರಬೇಕು. ವಿಜ್ಞಾನದ ಮೂರು ವಿಷಯ ಸೇರಿ ಶೇ. 45 ಅಂಕ, ಮೀಸಲಾತಿ ಇರುವವರಿಗೆ ಶೇ. 40. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ಹೆಚ್ಚಿನ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳವು.

ಜಿಎನ್‌ಎಂ: ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ. ಪಿಯುಸಿ ಆರ್ಟ್ಸ್, ಕಾಮರ್ಸ್ ಆದವರೂ ಸೇರಬಹುದು, ಇಂಗ್ಲಿಷ್ ಇದ್ದು ಒಟ್ಟು ಶೇ. 40 ಅಂಕ ಇದ್ದರೆ ಸಾಕು. ವಯಸ್ಸು 17ರಿಂದ 35. ಸೈನ್ಸ್ ಓದದವರಿಗೆ, ತಡವಾಗಿ ಮನಸ್ಸು ಮಾಡಿದವರಿಗೆ ಇದೇ ಸರಿಯಾದ ದಾರಿ. ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಮುಂದೆ ಡಿಗ್ರಿ ಬೇಕೆನಿಸಿದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಇದೆ. ಜಿಎನ್‌ಎಂ ನಿಂತೇ ಹೋಗುತ್ತದೆ ಅನ್ನುವ ಮಾತು ಬಹಳ ವರ್ಷಗಳಿಂದ ಓಡಾಡುತ್ತಿದೆ. ಅದನ್ನು ಕೇಳಿ ಒಂದು ವರ್ಷ ಸುಮ್ನೆ ಮನೆಯಲ್ಲಿ ಕೂರಬೇಡಿ. ಈಗ ಪ್ರವೇಶ ನಡೆಯುತ್ತಿದ್ದರೆ ಸೇರಿ, ನಿಮಗೆ ಸಿಗುವ ರಿಜಿಸ್ಟ್ರೇಷನ್ ಎಲ್ಲಿಗೂ ಹೋಗುವುದಿಲ್ಲ.

ಎಎನ್‌ಎಂ: ಆಕ್ಸಿಲರಿ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಎರಡು ವರ್ಷ, ಹೆಣ್ಣುಮಕ್ಕಳಿಗೆ ಮಾತ್ರ. ಊರಿನ ಉಪಕೇಂದ್ರದಲ್ಲಿ ಲಸಿಕೆ ಹಾಕುವ, ಗರ್ಭಿಣಿಯರ ಮನೆಗೆ ಬರುವ ಸಿಸ್ಟರ್ ಇದ್ದಾರಲ್ಲ, ಅವರು ಮಾಡಿರುವುದು ಇದನ್ನು. ಸರ್ಕಾರ ಈಗ ಆ ಹುದ್ದೆಯನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಕರೆಯುತ್ತದೆ. ಹಳ್ಳಿಯಲ್ಲೇ ಇದ್ದು ಸಮುದಾಯದ ಕೆಲಸ ಮಾಡುವ ಮನಸ್ಸಿದ್ದರೆ ಒಳ್ಳೆಯದು. ದೊಡ್ಡ ಆಸ್ಪತ್ರೆಯ ಐಸಿಯು, ವಿದೇಶ ಅಂತೆಲ್ಲ ಕನಸಿದ್ದರೆ ಇದನ್ನು ಆರಿಸಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಸೈನ್ಸ್ ಓದಿ ಅಂಕ ಇರುವವರು ಬಿಎಸ್‌ಸಿಗೇ ಹೋಗಿ. ಒಂದು ವರ್ಷ ಜಾಸ್ತಿ ಅನ್ನಿಸುತ್ತದೆ ನಿಜ. ಆದರೆ ಮುಂದೆ ಬೋಧನೆ, ಎಂಎಸ್‌ಸಿಗೆ ಡಿಗ್ರಿಯೇ ಬೇಕಾಗುತ್ತದೆ, ಸರ್ಕಾರಿ ನೇಮಕಾತಿಯಲ್ಲೂ ಅನುಕೂಲ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳಿಗೆ ನಡೆಯುವ ನಾರ್ಸೆಟ್ ಪರೀಕ್ಷೆಯನ್ನು ಬಿಎಸ್‌ಸಿ ಆದವರು ನೇರವಾಗಿ ಬರೆಯಬಹುದು. ಜಿಎನ್‌ಎಂ ಆದವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಇರಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತೇ ಇಲ್ಲ. ಮಿಲಿಟರಿ ನರ್ಸಿಂಗ್ ಸರ್ವೀಸ್. ನೀಟ್ ಬರೆದ ಅವಿವಾಹಿತ ಹುಡುಗಿಯರು ಪುಣೆಯ ಎಎಫ್‌ಎಂಸಿ (ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜು) ಮತ್ತಿತರ ಸೇನಾ ಕಾಲೇಜುಗಳಲ್ಲಿ ಬಿಎಸ್‌ಸಿ ನರ್ಸಿಂಗ್‌ಗೆ ಅರ್ಜಿ ಹಾಕಬಹುದು. ಓದು ಉಚಿತ, ಮುಗಿದ ಮೇಲೆ ಲೆಫ್ಟಿನೆಂಟ್ ಆಗಿ ಸೇವೆ ಮಾಡಬೇಕು.

ಹಂತ 3: ಸೇರುವ ಮೊದಲು ಒಂದು ವಾರ್ಡ್ ನೋಡಿ

ಇದಕ್ಕೆ ಖರ್ಚೇನೂ ಇಲ್ಲ. ನೆಂಟರು ಯಾರಾದರೂ ಅಡ್ಮಿಟ್ ಆಗಿದ್ದರೆ ಒಂದು ರಾತ್ರಿ ಅವರ ಜೊತೆ ಉಳಿದುಕೊಳ್ಳಿ. ನರ್ಸ್ ಎಷ್ಟು ಸಲ ಬರುತ್ತಾರೆ, ಏನು ಬರೆಯುತ್ತಾರೆ, ಬೆಳಗಿನ ಜಾವ ನಾಲ್ಕಕ್ಕೆ ಅವರ ಮುಖ ಹೇಗಿರುತ್ತದೆ, ನೋಡಿ. ವಾಂತಿ, ಮಲ, ಕೀವಿನ ವಾಸನೆ ನಿಮಗೆ ಹೇಗಾಗುತ್ತದೆ ಅಂತ ಗಮನಿಸಿ.

ರಕ್ತ ನೋಡಿದರೆ ತಲೆ ಸುತ್ತುತ್ತದೆ ಅನ್ನುವವರು ಹೆದರಬೇಡಿ. ಮೊದಲ ಪೋಸ್ಟಿಂಗ್‌ನಲ್ಲಿ, ಅಂದರೆ ಕಲಿಯಲು ವಾರ್ಡ್‌ಗೆ ಕಳಿಸಿದಾಗ, ಬಹಳ ಜನಕ್ಕೆ ಹಾಗಾಗುತ್ತದೆ, ಕೆಲವು ವಾರದಲ್ಲಿ ಹೋಗುತ್ತದೆ. ಆದರೆ ಇನ್ನೊಬ್ಬರ ಮೈ ಮುಟ್ಟಿ ಒರೆಸುವುದೇ ಅವಮಾನ ಅಂತ ಮನಸ್ಸಿನಲ್ಲಿದ್ದರೆ ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆಗ ಲ್ಯಾಬ್ ಟೆಕ್ನಾಲಜಿ, ಫಾರ್ಮಸಿ ಅಂತ ಬೇರೆ ಕೋರ್ಸ್‌ಗಳ ಕಡೆ ನೋಡಿ. ಮನೆಯವರ ಒತ್ತಾಯಕ್ಕೆ ಸೇರಿದವರು ಎರಡನೇ ವರ್ಷದಲ್ಲಿ ಬಿಟ್ಟು ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹಂತ 4: ಕಾಗದಪತ್ರ ಮತ್ತು ಸಿಇಟಿ

ಸರ್ಕಾರಿ ಕೋಟಾದ ಬಿಎಸ್‌ಸಿ ನರ್ಸಿಂಗ್ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅದಕ್ಕೆ ಸಿಇಟಿ ಬರೆಯಬೇಕು. ಅರ್ಜಿ ವರ್ಷದ ಮೊದಲ ತಿಂಗಳುಗಳಲ್ಲೇ ಬರುತ್ತದೆ, ಪರೀಕ್ಷೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಇಂಜಿನಿಯರಿಂಗ್‌ಗೆ ಮಾತ್ರ ಸಿಇಟಿ ಅಂದುಕೊಂಡು ಅರ್ಜಿಯನ್ನೇ ಹಾಕದೆ, ಮೇ ತಿಂಗಳಲ್ಲಿ ಪರದಾಡುವವರು ತುಂಬಾ ಇದ್ದಾರೆ. "ಸಿಇಟಿ ಏನೂ ಬೇಡ, ನಾನು ಸೀಟು ಕೊಡಿಸುತ್ತೇನೆ" ಅನ್ನುವ ಏಜೆಂಟ್ ಮಾತಿಗೆ ಕಿವಿ ಕೊಡಬೇಡಿ. ಯಾವ ಸೀಟಿಗೆ ಏನು ಕಡ್ಡಾಯ ಅಂತ ಆ ವರ್ಷದ ಅಧಿಸೂಚನೆಯಲ್ಲೇ ಓದಿ. ಜಿಎನ್‌ಎಂಗೆ ಜಿಲ್ಲಾ ಆಸ್ಪತ್ರೆಗಳ ಜೊತೆಗಿರುವ ಸರ್ಕಾರಿ ಶಾಲೆಗಳ ಪ್ರಕಟಣೆಯನ್ನು ಗಮನಿಸುತ್ತಿರಿ. ನಿಮ್ಹಾನ್ಸ್‌ನಂಥ ಸಂಸ್ಥೆಗಳು ಬೇರೆಯಾಗಿ ಅರ್ಜಿ ಕರೆಯುತ್ತವೆ.

ಮೊದಲೇ ಮಾಡಿಟ್ಟುಕೊಳ್ಳಬೇಕಾದವು ಇವು:

ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ. ಹೆಸರು ಎರಡರಲ್ಲೂ, ಆಧಾರ್‌ನಲ್ಲೂ ಒಂದೇ ರೀತಿ ಇದೆಯಾ ನೋಡಿ. ಒಂದು ಇನಿಶಿಯಲ್ ಹಿಂದೆಮುಂದೆ ಆದದ್ದೂ ಮುಂದೆ ರಿಜಿಸ್ಟ್ರೇಷನ್‌ಗೆ, ಪಾಸ್‌ಪೋರ್ಟ್‌ಗೆ ಕಾಡುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ, ನಾಡಕಚೇರಿಯಿಂದ. ಅದರಲ್ಲಿ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದೆ, ಸಿಇಟಿ ಅರ್ಜಿಯಲ್ಲಿ ಅದನ್ನೇ ಹಾಕಬೇಕು. ಅವಧಿ ಮುಗಿದ ಪ್ರಮಾಣಪತ್ರದ ನಂಬರ್ ಹಾಕಿ ಮೀಸಲಾತಿ ಕಳೆದುಕೊಳ್ಳಬೇಡಿ.

ವ್ಯಾಸಂಗ ಪ್ರಮಾಣಪತ್ರ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದೀರಿ ಅಂತ ತೋರಿಸಲು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರದ್ದು ಬೇರೆ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಗೆ ಪ್ರಮಾಣಪತ್ರ. ಇವನ್ನೆಲ್ಲ ಶಾಲೆಗೆ, ಬಿಇಒ ಕಚೇರಿಗೆ ಓಡಾಡಿ ತರಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ. ಆದ್ದರಿಂದ ಜನವರಿಯಲ್ಲೇ ಶುರು ಮಾಡಿ.

ಹಂತ 5: ಕಾಲೇಜು ಆರಿಸುವುದು

ಇಲ್ಲಿ ಆತುರ ಮಾಡಿದರೆ ನಾಲ್ಕು ವರ್ಷ ಹೋದ ಹಾಗೆ. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಬೆಂಗಳೂರಿನ ಒಂದೊಂದು ಬೀದಿಯಲ್ಲೂ ಬೋರ್ಡ್ ಕಾಣುತ್ತದೆ. ಒಳ್ಳೆಯವೂ ಇವೆ, ಕಟ್ಟಡ ಮಾತ್ರ ಇರುವವೂ ಇವೆ.

ಮೊದಲು ಕಾಗದ ನೋಡಿ. ರಾಜ್ಯ ಸರ್ಕಾರದ ಅನುಮತಿ, ಕೆಎಸ್‌ಎನ್‌ಸಿ ಮಾನ್ಯತೆ, ವಿಶ್ವವಿದ್ಯಾಲಯ ಅಥವಾ ಮಂಡಳಿಯ ಸಂಯೋಜನೆ. ಮೂರೂ ನೀವು ಸೇರುವ ವರ್ಷಕ್ಕೆ ಚಾಲ್ತಿಯಲ್ಲಿರಬೇಕು. ಕಾಲೇಜಿನ ಗೋಡೆಯ ಮೇಲೆ ಫ್ರೇಮ್ ಹಾಕಿಟ್ಟಿರುವ ಹಳೆಯ ಪತ್ರ ನಂಬಬೇಡಿ, ಆಯಾ ಸಂಸ್ಥೆಯ ಜಾಲತಾಣದಲ್ಲೇ ಹೆಸರು ಹುಡುಕಿ. ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋಗುವ ಯೋಚನೆ ಇದ್ದರೆ ಐಎನ್‌ಸಿ ಪಟ್ಟಿಯಲ್ಲೂ ಇದೆಯಾ ಅಂತ ಕೇಳಿ.

ಆಮೇಲೆ ಆಸ್ಪತ್ರೆ ನೋಡಿ. ಕಾಲೇಜಿಗಿಂತ ಇದೇ ಮುಖ್ಯ. ಐಎನ್‌ಸಿ ನಿಯಮದ ಪ್ರಕಾರ ಕಾಲೇಜಿನ ಹಿಂದೆ ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳ ಲೆಕ್ಕ. ಬೆಳಗ್ಗೆ ಎಂಟು ಗಂಟೆ ಹೊತ್ತಿಗೆ ಆ ಆಸ್ಪತ್ರೆಗೆ ಹೋಗಿ. ವಾರ್ಡ್‌ನಲ್ಲಿ ರೋಗಿಗಳಿದ್ದಾರಾ? ವಿದ್ಯಾರ್ಥಿಗಳು ಯೂನಿಫಾರಂನಲ್ಲಿ ಕೆಲಸ ಮಾಡುತ್ತಿದ್ದಾರಾ? ಜೊತೆಗೆ ಟ್ಯೂಟರ್ ಇದ್ದಾರಾ? ಹೊರಗೆ ಟೀ ಅಂಗಡಿಯಲ್ಲಿ ನಿಂತಿರುವ ಸೀನಿಯರ್‌ಗಳನ್ನು ಮಾತನಾಡಿಸಿ. "ಎಷ್ಟು ಹೆರಿಗೆ ನೋಡಿದ್ದೀರಿ? ಕ್ಯಾನುಲಾ ಯಾವ ವರ್ಷದಲ್ಲಿ ಕಲಿಸಿದರು?" ಅಂತ ಕೇಳಿದರೆ ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ. ಕ್ಯಾನುಲಾ ಅಂದರೆ ಡ್ರಿಪ್ ಹಾಕಲು ಕೈಯ ರಕ್ತನಾಳದೊಳಗೆ ಇಡುವ ಸಣ್ಣ ಪ್ಲಾಸ್ಟಿಕ್ ಕೊಳವೆ.

ಸರ್ಕಾರಿ ಮೆಡಿಕಲ್ ಕಾಲೇಜುಗಳ ಜೊತೆಗಿರುವ ನರ್ಸಿಂಗ್ ಕಾಲೇಜುಗಳಲ್ಲಿ ಶುಲ್ಕ ಕಡಿಮೆ, ರೋಗಿಗಳು ಜಾಸ್ತಿ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ನಂಬಿಕೆ. ಕಟ್ಟಡ ಹಳೆಯದಿರಬಹುದು, ಹಾಸ್ಟೆಲ್ ಅಷ್ಟಕ್ಕಷ್ಟೇ ಇರಬಹುದು. ಆದರೂ ಸಿಕ್ಕರೆ ಬಿಡಬೇಡಿ.

ಎಚ್ಚರಿಕೆ: "ಕ್ಲಾಸಿಗೆ ಬರಬೇಕಿಲ್ಲ, ಪರೀಕ್ಷೆಗೆ ಬಂದರೆ ಸಾಕು" ಅಂದರೆ ಅಲ್ಲಿಗೇ ಮಾತು ಮುಗಿಸಿ. ಬಿಎಸ್‌ಸಿ ನಿಯಮದಲ್ಲಿ ಪ್ರತಿ ವಿಷಯದಲ್ಲೂ ಶೇ. 80 ಹಾಜರಿ ಬೇಕು, ಕ್ಲಿನಿಕಲ್ ಅವಧಿ ಮಾತ್ರ ಡಿಗ್ರಿ ಕೈಗೆ ಬರುವ ಮೊದಲು ಶೇ. 100 ಮುಗಿದಿರಬೇಕು. ಕ್ಲಿನಿಕಲ್ ಅಂದರೆ ಆಸ್ಪತ್ರೆಯ ವಾರ್ಡ್‌ನಲ್ಲಿ ಕಲಿಯುವ ಗಂಟೆಗಳು. ಹಾಜರಿ ಬರೆದುಕೊಂಡು ಪಾಸು ಮಾಡಿಸುವ ಕಡೆ ಓದಿದವರಿಗೆ ಮೊದಲ ಇಂಟರ್‌ವ್ಯೂನಲ್ಲೇ ಸಿರಿಂಜ್ ಕೈಗೆ ಕೊಟ್ಟಾಗ ಗೊತ್ತಾಗುತ್ತದೆ ತಾವು ಏನು ಕಳೆದುಕೊಂಡೆವು ಅಂತ.

ಹಂತ 6: ದುಡ್ಡಿನ ಲೆಕ್ಕ

ಕಾಲೇಜಿನವರು ಹೇಳುವುದು ವರ್ಷದ ಬೋಧನಾ ಶುಲ್ಕ. ನೀವು ಕೇಳಬೇಕಾದದ್ದು ಕೋರ್ಸ್ ಮುಗಿಯುವವರೆಗಿನ ಒಟ್ಟು ಖರ್ಚು. ಹಾಸ್ಟೆಲ್, ಊಟ, ಯೂನಿಫಾರಂ, ಶೂ, ಪುಸ್ತಕ, ಪರೀಕ್ಷಾ ಶುಲ್ಕ, ಆಸ್ಪತ್ರೆಗೆ ಕರೆದುಕೊಂಡು ಹೋಗುವ ಬಸ್, ಬೇರೆ ಆಸ್ಪತ್ರೆಗೆ ಕಟ್ಟುವ ಕ್ಲಿನಿಕಲ್ ಶುಲ್ಕ, ಎಲ್ಲ ಸೇರಿಸಿ ಬರೆದುಕೊಡಿ ಅನ್ನಿ. ಬಾಯಿಮಾತಿನಲ್ಲಿ ಬೇಡ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಇರಲಿ.

ಸ್ಕಾಲರ್‌ಶಿಪ್‌ಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಎಸ್‌ಎಸ್‌ಪಿ ಅಂತ ಕರೆಯುವ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ದುಡ್ಡು ಮಂಜೂರಾಗಿ ಖಾತೆಗೆ ಬರದಿರುವುದಕ್ಕೆ ಸಾಮಾನ್ಯ ಕಾರಣ ಒಂದೇ, ವಿದ್ಯಾರ್ಥಿಯ ಸ್ವಂತ ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆ ಆಗಿರುವುದಿಲ್ಲ. ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ಅಂತ ಆ ಪದದಲ್ಲೇ ಕೇಳಿ. ಅಪ್ಪ ಅಥವಾ ಅಮ್ಮ ಕಟ್ಟಡ ಕಾರ್ಮಿಕರಾಗಿ ನೋಂದಣಿ ಆಗಿದ್ದರೆ ಅವರ ಕಲ್ಯಾಣ ಮಂಡಳಿಯಿಂದಲೂ ಮಕ್ಕಳ ಓದಿಗೆ ಸಹಾಯ ಇದೆ. ಸಾಲ ಬೇಕಾದರೆ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಊರಿನ ಬಡ್ಡಿ ಸಾಲ ಮಾಡುವ ಮೊದಲು ಇದನ್ನು ಪ್ರಯತ್ನಿಸಿ.

ಎಚ್ಚರಿಕೆ: ಒರಿಜಿನಲ್ ಅಂಕಪಟ್ಟಿ ತೋರಿಸಿ, ಪರಿಶೀಲನೆ ಆದ ಮೇಲೆ ವಾಪಸ್ ಪಡೆಯಿರಿ. ಇಟ್ಟುಕೊಳ್ಳುವುದೇ ನಿಯಮ ಅಂದರೆ, ಏನೇನು ಪಡೆದಿದ್ದೇವೆ ಅಂತ ಸೀಲ್ ಹಾಕಿ ಬರೆದುಕೊಡಿ ಅನ್ನಿ.

ಹಂತ 7: ಮೊದಲ ವರ್ಷವನ್ನು ದಾಟುವುದು

ಹೆಚ್ಚು ಜನ ಕುಸಿಯುವುದು ಇಲ್ಲಿ. ಅನಾಟಮಿ, ಫಿಸಿಯಾಲಜಿ, ನರ್ಸಿಂಗ್ ಫೌಂಡೇಶನ್, ಎಲ್ಲ ಇಂಗ್ಲಿಷ್‌ನಲ್ಲಿ. ಅನಾಟಮಿ ಅಂದರೆ ದೇಹದ ರಚನೆ, ಫಿಸಿಯಾಲಜಿ ಅಂದರೆ ದೇಹ ಕೆಲಸ ಮಾಡುವ ರೀತಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಮೂರು ತಿಂಗಳು ಕಣ್ಣು ಕತ್ತಲೆ ಬರುತ್ತದೆ. ಪುಸ್ತಕ ಉರು ಹೊಡೆಯಲು ಹೋಗಬೇಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೆ ಹತ್ತು ಪದ, ಕನ್ನಡದ ಅರ್ಥ ಪಕ್ಕದಲ್ಲಿ, ಅಷ್ಟು ಸಾಕು. ವಾರ್ಡ್‌ಗೆ ಹೋದಾಗ ನಿಮಗೆ ಒಂದು ಅನುಕೂಲ ಇದೆ ಅನ್ನುವುದನ್ನೂ ಮರೆಯಬೇಡಿ. ಹಳ್ಳಿಯಿಂದ ಬಂದ ಅಜ್ಜಿ "ಎದಿ ಒತ್ತಿ ಹಿಡ್ದಂಗ ಆಗಾಕತ್ತೈತವ್ವಾ" ಅಂದರೆ ಅದು ಎಷ್ಟು ಗಂಭೀರ ಅಂತ ತಕ್ಷಣ ಅರ್ಥವಾಗುವುದು ನಿಮಗೆ. ಇಂಗ್ಲಿಷ್ ಚೆನ್ನಾಗಿ ಬರುವ ಬೇರೆ ರಾಜ್ಯದ ಸಹಪಾಠಿಗೆ ಅದು ಅರ್ಥವಾಗಲು ವರ್ಷ ಬೇಕು.

ಕಲಿಸುವ ಮೊದಲ ಕೆಲಸಗಳು ಚಿಕ್ಕವು. ಹಾಸಿಗೆ ಹಾಸುವುದು, ಕೈ ತೊಳೆಯುವುದು, ಟಿಪಿಆರ್ ನೋಡುವುದು, ಅಂದರೆ ಜ್ವರ, ನಾಡಿ, ಉಸಿರು. ಇವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಸಿರು ಎಣಿಸುವುದನ್ನೇ ನೋಡಿ. "ನಿಮ್ಮ ಉಸಿರು ಎಣಿಸುತ್ತೇನೆ" ಅಂತ ಹೇಳಿಬಿಟ್ಟರೆ ರೋಗಿಯ ಉಸಿರು ಬದಲಾಗಿಬಿಡುತ್ತದೆ. ಹಾಗಾಗಿ ನಾಡಿ ಎಣಿಸಿ ಮುಗಿದ ಮೇಲೂ ಬೆರಳನ್ನು ಮಣಿಕಟ್ಟಿನ ಮೇಲೆಯೇ ಇಟ್ಟುಕೊಂಡು, ಕಣ್ಣನ್ನು ಎದೆಯ ಮೇಲೆ ಹಾಯಿಸಿ, ಏರಿ ಇಳಿದರೆ ಒಂದು ಅಂತ ಪೂರ್ತಿ ಒಂದು ನಿಮಿಷ ಎಣಿಸಬೇಕು. ದೊಡ್ಡವರಲ್ಲಿ 12ರಿಂದ 20 ಸಹಜ. ರೋಗಿಯ ಸ್ಥಿತಿ ಕೆಡುವ ಮೊದಲು ಹೆಚ್ಚಾಗಿ ಮೊದಲು ಬದಲಾಗುವುದು ಈ ಸಂಖ್ಯೆಯೇ. ಎಣಿಸದೆ ಎಲ್ಲರಿಗೂ 20 ಅಂತ ಬರೆಯುವ ಅಭ್ಯಾಸವನ್ನು ಸೀನಿಯರ್‌ಗಳಿಂದ ಕಲಿಯಬೇಡಿ, ದಯವಿಟ್ಟು.

ಲೆಕ್ಕಕ್ಕೆ ಹೆದರುವವರು ಈಗಲೇ ಸ್ವಲ್ಪ ಅಭ್ಯಾಸ ಮಾಡಿ. ಬೇಕಾಗುವುದು ಗುಣಾಕಾರ, ಭಾಗಾಕಾರ ಅಷ್ಟೇ. ಡಾಕ್ಟರ್ 250 ಮಿಲಿಗ್ರಾಂ ಬರೆದಿದ್ದಾರೆ, ಬಾಟಲಿಯಲ್ಲಿ 5 ಮಿಲಿಲೀಟರ್‌ಗೆ 500 ಮಿಲಿಗ್ರಾಂ ಇದೆ. ಎಷ್ಟು ಎಳೆಯಬೇಕು? 2.5 ಮಿಲಿಲೀಟರ್. ಇನ್ನೊಂದು: 500 ಮಿಲಿಲೀಟರ್ ಡ್ರಿಪ್ 4 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ ಒಂದು ಮಿಲಿಲೀಟರ್‌ಗೆ 20 ಹನಿ. 500ನ್ನು 20ರಿಂದ ಗುಣಿಸಿ, 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಅನುಮಾನ ಬಂದರೆ ಪಕ್ಕದವರ ಹತ್ತಿರ ಒಮ್ಮೆ ಲೆಕ್ಕ ಹಾಕಿಸಿ. ಯಾರೂ ಕೀಳಾಗಿ ನೋಡುವುದಿಲ್ಲ, ನೋಡಿದರೂ ಚಿಂತೆ ಇಲ್ಲ.

ನಿಮ್ಮ ಮೈಯನ್ನೂ ನೋಡಿಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ವಾರ್ಡ್‌ಗೆ ಇಳಿಯುವ ಮೊದಲೇ ಶುರು ಮಾಡಿ. ಬೆಳಗಿನ ಪೋಸ್ಟಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತಿ ಬೀಳುವವರಲ್ಲಿ ತಿಂಡಿ ಬಿಟ್ಟು ಬಂದವರೇ ಜಾಸ್ತಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಹಾಗೂ ಚುಚ್ಚಿಕೊಂಡರೆ ಹಿಂಡಬೇಡಿ, ಬಾಯಿಗೆ ಇಡಬೇಡಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ. ಎಚ್‌ಐವಿ ತಡೆಯುವ ಔಷಧಿ ಬೇಕಾಗಿ ಬಂದರೆ ಎರಡು ಗಂಟೆಯೊಳಗೆ ಶುರುವಾಗುವುದು ಒಳ್ಳೆಯದು, 72 ಗಂಟೆ ಅದರ ಕೊನೆಯ ಗಡಿ. ಬೈಯುತ್ತಾರೆ ಅಂತ ಹೆದರಿ ಮುಚ್ಚಿಡುವ ವಿಷಯವೇ ಅಲ್ಲ ಅದು.

ರೋಗಿಯನ್ನು ಬೆಡ್ ನಂಬರ್‌ನಿಂದ ಕರೆಯುವುದು ಬೇಡ. ಅಜ್ಜಿ, ಅಣ್ಣ, ಅಮ್ಮ, ಯಾವುದು ಹೊಂದುತ್ತದೋ ಹಾಗೆ ಕರೆಯಿರಿ. ಆದರೆ ಔಷಧಿ ಕೊಡುವಾಗ ಮಾತ್ರ ಅವರ ಬಾಯಿಂದಲೇ ಪೂರ್ತಿ ಹೆಸರು ಹೇಳಿಸಿ, ಕೈಪಟ್ಟಿಯ ಜೊತೆ ತಾಳೆ ನೋಡಿ. "ನೀವು ಲಕ್ಷ್ಮಮ್ಮ ಅಲ್ವಾ?" ಅಂತ ಕೇಳಿದರೆ ನಿದ್ದೆಗಣ್ಣಲ್ಲಿ ಯಾರು ಬೇಕಾದರೂ ಹೂಂ ಅಂದುಬಿಡುತ್ತಾರೆ.

ಹಂತ 8: ಪಾಸಾದ ಕೂಡಲೇ ರಿಜಿಸ್ಟರ್ ಆಗಿ

ಫಲಿತಾಂಶ ಬಂದ ಮೇಲೆ ಕೆಎಸ್‌ಎನ್‌ಸಿಗೆ ಅರ್ಜಿ ಹಾಕಬೇಕು. ಅಂಕಪಟ್ಟಿ, ಕೋರ್ಸ್ ಮುಗಿಸಿದ ಪತ್ರ, ಫೋಟೋ, ಶುಲ್ಕ. ದೇಶಮಟ್ಟದ ಎನ್‌ಆರ್‌ಟಿಎಸ್ ಅನ್ನುವ ದಾಖಲೆಯಲ್ಲಿ ಎನ್‌ಯುಐಡಿ ಎಂಬ ನಂಬರ್ ಕೂಡ ಆಗಬೇಕು. ಮುಂದೆ ಸಂಬಳ, ವಿದೇಶ, ಎಲ್ಲದಕ್ಕೂ ಈ ನಂಬರ್‌ಗಳನ್ನು ಕೇಳುತ್ತಾರೆ. ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ಕೌನ್ಸಿಲ್‌ಗೆ ವರ್ಗ ಮಾಡಿಸಬೇಕು. ನವೀಕರಣದ ದಿನಾಂಕವನ್ನು ಫೋನ್‌ನಲ್ಲಿ ಹಾಕಿಟ್ಟುಕೊಳ್ಳಿ. ಏಜೆಂಟ್ ಹಿಡಿಯಬೇಡಿ, ನೀವೇ ಮಾಡಬಹುದಾದ ಕೆಲಸ.

ಹಂತ 9: ಮೊದಲ ಕೆಲಸ

ಹೊಸಬರು ಐಸಿಯುಗೇ ಹೋಗಬೇಕು ಅಂತ ಹಾತೊರೆಯುತ್ತಾರೆ. ನನಗನ್ನಿಸುವುದು, ಮೊದಲ ಒಂದು ವರ್ಷ ಜನರಲ್ ಮೆಡಿಕಲ್ ಅಥವಾ ಸರ್ಜಿಕಲ್ ವಾರ್ಡ್‌ನಲ್ಲಿ ಮಾಡಿ. ಮಾತಾಡುವ ರೋಗಿಗಳ ನಡುವೆ ಕಲಿಯುವುದು ಬೇರೆಯೇ. ಮಾಡಿದ್ದನ್ನು ಆಗಲೇ ಬರೆಯಿರಿ, ಕೇಸ್ ಶೀಟ್‌ನಲ್ಲಿ ಇಲ್ಲದ ಕೆಲಸ ಮಾಡಿಲ್ಲ ಅಂತಲೇ ಲೆಕ್ಕ. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ನಂಥ ಔಷಧಿಗಳನ್ನು ಇನ್ನೊಬ್ಬ ನರ್ಸ್ ನೋಡಿದ ಮೇಲೆಯೇ ಕೊಡಿ. ಪೊಟ್ಯಾಸಿಯಂ ಕ್ಲೋರೈಡ್ ಅನ್ನು ಯಾವ ಕಾರಣಕ್ಕೂ ಸಿರಿಂಜ್‌ನಲ್ಲಿ ನೇರವಾಗಿ ರಕ್ತನಾಳಕ್ಕೆ ಕೊಡಬಾರದು, ಹೃದಯ ನಿಂತುಹೋಗುತ್ತದೆ.

ಸಂಬಳದ ವಿಷಯದಲ್ಲಿ ಖಾಸಗಿ ಆಸ್ಪತ್ರೆಗಳು ಹೊಸಬರಿಗೆ ಕಡಿಮೆ ಕೊಡುತ್ತವೆ, ಇದು ಕಹಿ ಸತ್ಯ. ಸುಪ್ರೀಂ ಕೋರ್ಟ್ ಆದೇಶದಂತೆ ರಚನೆಯಾದ ಸಮಿತಿ 2016ರಲ್ಲೇ ಶಿಫಾರಸು ಮಾಡಿತ್ತು: 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಅಂತ. ಎಷ್ಟೋ ಕಡೆ ಪಾಲಿಸುತ್ತಿಲ್ಲ. ಆದರೆ ಇಂಥದೊಂದು ಶಿಫಾರಸು ಇದೆ ಅಂತ ಗೊತ್ತಿಟ್ಟುಕೊಂಡು ಇಂಟರ್‌ವ್ಯೂಗೆ ಹೋಗಿ. ಎರಡು ವರ್ಷದ ಬಾಂಡ್, ಬಿಟ್ಟರೆ ಇಷ್ಟು ದಂಡ, ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಅನ್ನುವ ಕಡೆ ಸಹಿ ಹಾಕುವ ಮೊದಲು ಮನೆಗೆ ತಂದು ಓದಿ.

ಸರ್ಕಾರಿ ಕೆಲಸಕ್ಕೆ ಓದುತ್ತಲೇ ತಯಾರಿ ಮಾಡಿ. ರಾಜ್ಯದಲ್ಲಿ ಶುಶ್ರೂಷಾಧಿಕಾರಿ ಹುದ್ದೆಗಳು, ಬಿಎಸ್‌ಸಿ ಆದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ (ಹಿಂದಿನ ಆರೋಗ್ಯ ಕ್ಷೇಮ ಕೇಂದ್ರಗಳು) ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ, ಕೇಂದ್ರದಲ್ಲಿ ಏಮ್ಸ್, ಇಎಸ್‌ಐ, ರೈಲ್ವೆ. ಕೇಂದ್ರದ ನರ್ಸಿಂಗ್ ಆಫೀಸರ್‌ಗೆ ಏಳನೇ ವೇತನ ಆಯೋಗದಲ್ಲಿ ಆರಂಭದ ಮೂಲ ವೇತನ 44,900 ರೂಪಾಯಿ. ನಾರ್ಸೆಟ್‌ನಲ್ಲಿ ಶೇ. 80 ಹುದ್ದೆ ಮಹಿಳೆಯರಿಗೆ. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 30, ಹಾಗಾಗಿ ತಡವಾಗಿ ಓದಿಗೆ ಇಳಿದವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ.

ವಿದೇಶದ ಬಗ್ಗೆ ಕೇಳುವವರಿಗೆ: ಎರಡು ವರ್ಷ ಇಲ್ಲಿ ಒಳ್ಳೆಯ ಆಸ್ಪತ್ರೆಯಲ್ಲಿ ಮಾಡಿದ ಮೇಲೆ ಯೋಚಿಸಿ. ಗಲ್ಫ್‌ಗೆ ದಾಖಲೆಗಳ ಪರಿಶೀಲನೆ ಮತ್ತು ಆಯಾ ದೇಶದ ಪರವಾನಗಿ ಪರೀಕ್ಷೆ, ಬ್ರಿಟನ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ, ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ. ಕರೆದುಕೊಂಡು ಹೋಗುವ ಏಜೆನ್ಸಿಗೆ ವಿದೇಶಾಂಗ ಸಚಿವಾಲಯದ ಪರವಾನಗಿ ಇದೆಯಾ ಅಂತ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಸಂಬಳ, ಡ್ಯೂಟಿ ಗಂಟೆ, ವಸತಿ ಮೂರೂ ಬರೆದಿರುವ ಆಫರ್ ಲೆಟರ್ ಕೈಗೆ ಬರುವವರೆಗೆ ಪಾಸ್‌ಪೋರ್ಟ್ ಕೊಡಬೇಡಿ, ದುಡ್ಡನ್ನೂ ಕಟ್ಟಬೇಡಿ.